ಜಾಡಿಯೊಳಗಿನ ಶಾರ್ಕ್ ಮತ್ತು ಅದರ ಪಹಣಿ

ಮೆಲ್ಬರ್ನಿನ ಫಿಶ್ ಅಂಡ್ ಚಿಪ್ಸ್ ಅಂಗಡಿಗಳ ಬೋರ್ಡಿನಲ್ಲಿ ‘ಫ್ಲೇಕ್’ ಅನ್ನೋ ಒಂದು ಐಟಂ ಇದ್ದೇ ಇರುತ್ತೆ. ಹೊಸದಾಗಿ ಬಂದವರು ಅದು ಯಾವುದೋ ಒಂದು ಮೀನಿನ ಹೆಸರು ಅಂದುಕೊಳ್ಳುತ್ತಾರೆ. ಅದು ಶಾರ್ಕ್. ನಮ್ಮ ಮಂಗಳೂರು ಕಡೆಯವರು ತಾಟೆ ಅಂತಾರಲ್ಲ, ಅದೇ. ಸಿಡ್ನಿಯಲ್ಲಿ ಈ ಹೆಸರು ಅಷ್ಟಾಗಿ ಕಿವಿಗೆ ಬೀಳಲ್ಲ. ಇಲ್ಲಿನ ಮೀನು ಹೆಸರುಗಳ ಅಧಿಕೃತ ಪಟ್ಟಿಯ ಪ್ರಕಾರ ಗಮ್ಮಿ ಶಾರ್ಕ್, ಮತ್ತೆ ನ್ಯೂಜಿಲೆಂಡಿನಲ್ಲಿರುವ ಅದರ ದಾಯಾದಿ ರಿಗ್, ಇವೆರಡನ್ನು ಮಾತ್ರ ಫ್ಲೇಕ್ ಅಂತ ಮಾರಬೇಕು. ಪಟ್ಟಿ ಏನೋ ಚೆನ್ನಾಗಿದೆ. ಆದರೆ ತಲೆ, ರೆಕ್ಕೆ, ಚರ್ಮ ಎಲ್ಲ ತೆಗೆದು, ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟ ಮೇಲೆ ಇದು ಯಾವ ಶಾರ್ಕ್ ಅಂತ ಕಣ್ಣಲ್ಲಿ ನೋಡಿ ಯಾರು ಹೇಳುತ್ತಾರೆ?

ಆಳಸಮುದ್ರದ ಶಾರ್ಕ್‌ಗಳ ಕಥೆ ಇನ್ನೂ ಕಷ್ಟದ್ದು. ಅವನ್ನು ಇಡಿಯಾಗಿ, ತಲೆ ಬಾಲ ಸಮೇತ, ಮೇಜಿನ ಮೇಲೆ ಮಲಗಿಸಿದರೂ ಯಾವುದು ಯಾವ ಜಾತಿ ಅಂತ ಪಂಡಿತರೇ ಜಗಳವಾಡುತ್ತಾರೆ. ಇನ್ನೂರು ಮೀಟರಿಗಿಂತ ಕೆಳಗೆ, ಬೆಳಕು ಸರಿಯಾಗಿ ತಲುಪದ ಜಾಗದಲ್ಲಿ ಇರೋ ಬೂದು ಬಣ್ಣದ, ಹಸಿರು ಕಣ್ಣಿನ ಮೀನುಗಳು. ಎಲ್ಲಾ ಒಂದೇ ಥರ. ಈಗ ಮ್ಯೂಸಿಯಂ ಜಾಡಿಗಳಲ್ಲಿ ಐವತ್ತು ನೂರು ವರ್ಷದಿಂದ ನೆನೆಯುತ್ತಿರುವ ಹಳೇ ಶಾರ್ಕ್‌ಗಳಿಂದ ಡಿಎನ್‌ಎ ತೆಗೆದು ಈ ಜಗಳ ಬಿಡಿಸುವ ಕೆಲಸ ಶುರುವಾಗಿದೆ. ಇದರ ಬಗ್ಗೆ ಬರುವ ಸುದ್ದಿಗಳನ್ನು ಓದಿದರೆ ಡಿಎನ್‌ಎ ಮೆಷಿನ್ನೇ ಹೀರೋ, ಜಾಡಿ ಬರೀ ಡಬ್ಬ ಅನ್ನೋ ಹಾಗಿರುತ್ತೆ. ನನ್ನ ವಾದ ಇದಕ್ಕೆ ಉಲ್ಟಾ.

ಮೊದಲು, ಹೆಸರಿಗೋಸ್ಕರ ಇಷ್ಟೆಲ್ಲ ತಲೆ ಯಾಕೆ ಕೆಡಿಸಿಕೊಳ್ಳಬೇಕು ಅನ್ನೋ ಪ್ರಶ್ನೆ. ಊರಲ್ಲಿ ಜಮೀನು ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀವು ಮೂರು ತಲೆಮಾರಿನಿಂದ ಉಳುತ್ತಿರಬಹುದು. ಪಹಣಿಯಲ್ಲಿ ಹೆಸರಿಲ್ಲ ಅಂದರೆ ಬರ ಬಂದಾಗ ಪರಿಹಾರ ಇಲ್ಲ, ರಸ್ತೆಗೆ ಜಾಗ ಹೋದರೂ ದುಡ್ಡು ಇಲ್ಲ. ಪ್ರಾಣಿಗಳಿಗೂ ಅಷ್ಟೇ. ಹೆಸರಿಲ್ಲದ ಜಾತಿಯನ್ನು ಯಾವ ಸರ್ಕಾರವೂ ರಕ್ಷಿಸಲ್ಲ, ಯಾಕಂದರೆ ಅದು ಲೆಕ್ಕದಲ್ಲೇ ಇಲ್ಲ.

ಇದು ಬರೀ ಮಾತಲ್ಲ, ಸಿಡ್ನಿಯ ಎದುರಿನ ಸಮುದ್ರದಲ್ಲೇ ನಡೆದದ್ದು. 1976-77ರಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರದ ಸಂಶೋಧನಾ ಹಡಗು ‘ಕಪಾಲಾ’ (ಹೆಸರು ನೋಡಿ, ಶಿವನ ಕೈಯಲ್ಲಿ ಇರಬೇಕಾದ್ದು!) ಸಿಡ್ನಿ, ಉಲ್ಲಡುಲ್ಲಾ, ಈಡನ್ ಈ ಊರುಗಳ ಎದುರಿಗೆ ಆಳದಲ್ಲಿ ಬಲೆ ಎಳೆದು ಏನೇನು ಬರುತ್ತೆ ಅಂತ ಲೆಕ್ಕ ಹಾಕಿತು. ಆಗ ಬಲೆಯ ತುಂಬ ಗಲ್ಪರ್ ಶಾರ್ಕ್‌ಗಳು. ಇಲ್ಲಿನವರು ಇವನ್ನು ಡಾಗ್‌ಫಿಶ್ ಅಂತಲೂ ಕರೀತಾರೆ. ಇಪ್ಪತ್ತು ವರ್ಷ ಬಿಟ್ಟು, 1996-97ರಲ್ಲಿ ಅದೇ ಹಡಗು, ಅದೇ ಜಾಗಗಳಲ್ಲಿ ಮತ್ತೆ ಬಲೆ ಎಳೆಯಿತು. ಗಲ್ಪರ್ ಶಾರ್ಕ್‌ಗಳಲ್ಲಿ ಹ್ಯಾರಿಸನ್ಸ್ ಡಾಗ್‌ಫಿಶ್ ಮತ್ತು ಸದರ್ನ್ ಡಾಗ್‌ಫಿಶ್ ಸೇರಿ ಶೇಕಡ 99ಕ್ಕೂ ಹೆಚ್ಚು ಮಾಯ. ಕೆನ್ ಗ್ರಹಾಂ ಮತ್ತು ಸಂಗಡಿಗರು 2001ರಲ್ಲಿ ಈ ಲೆಕ್ಕ ಪ್ರಕಟಿಸಿದರು. ನಡುವಿನ ಇಪ್ಪತ್ತು ವರ್ಷ ಟ್ರಾಲರ್‌ಗಳು ಅಲ್ಲಿ ಮೀನು ಹಿಡಿದಿದ್ದವು, ಅಷ್ಟೇ. ಕೆಲವನ್ನು ಮಾಂಸಕ್ಕೆ, ಕೆಲವನ್ನು ಲಿವರ್ ಎಣ್ಣೆಗೆ ಅಂತ. ಈ ಶಾರ್ಕ್‌ಗಳ ಲಿವರ್ ಭಾರೀ ದೊಡ್ಡದು, ಅದರಲ್ಲಿನ ಸ್ಕ್ವಾಲೀನ್ ಎಣ್ಣೆ ಮುಖಕ್ಕೆ ಹಚ್ಚೋ ಕ್ರೀಮಿನವರೆಗೆ ಹೋಗುತ್ತೆ.

ಮತ್ತೆ ಇವು ಮತ್ತಿಯೋ ಬಂಗುಡೆಯೋ ಅಲ್ಲ, ಒಂದು ಮಳೆಗಾಲ ಬಲೆ ಎತ್ತಿಟ್ಟರೆ ಮತ್ತೆ ತುಂಬಿಕೊಳ್ಳೋಕೆ. ಒಂದು ಹೆಣ್ಣು ದೊಡ್ಡದಾಗೋಕೇ ದಶಕಗಳು ಬೇಕು, ಬಸಿರು ಎರಡು ಮೂರು ವರ್ಷ, ಹುಟ್ಟೋದು ಒಂದೋ ಎರಡೋ ಮರಿ.

ಈಗ ಹೆಸರಿನ ವಿಷಯಕ್ಕೆ ಬನ್ನಿ. 1976-77ರ ಲೆಕ್ಕದಲ್ಲಿ ಈ ಹ್ಯಾರಿಸನ್ಸ್ ಮತ್ತು ಸದರ್ನ್ ಎರಡನ್ನೂ ಬೇರೆ ಬೇರೆಯಾಗಿ ಬರೆದಿರಲಿಲ್ಲ, ಒಂದೇ ಬುಟ್ಟಿಗೆ ಹಾಕಿ ತೂಗಿದ್ದರು. ಹಾಗಾಗಿ ಯಾವುದು ಎಷ್ಟು ಕಳೆದುಹೋಯಿತು ಅಂತ ಆ ಅಂಕಿಗಳಿಂದ ಇವತ್ತಿಗೂ ಬಿಡಿಸಿ ಹೇಳೋಕಾಗಲ್ಲ. ಮೀನು ಹೋಯಿತು, ಜೊತೆಗೆ ಯಾವ ಮೀನು ಹೋಯಿತು ಅನ್ನೋ ಲೆಕ್ಕವೂ ಹೋಯಿತು.

ಹ್ಯಾರಿಸನ್ಸ್ ಡಾಗ್‌ಫಿಶ್‌ಗೆ ಆ ಹೆಸರು ಬಂದದ್ದು ಒಂದು ದುರಂತದಿಂದ. ಆಸ್ಟ್ರೇಲಿಯ ಸರ್ಕಾರದ ‘ಎಂಡೆವರ್’ ಅನ್ನೋ ಹಡಗು 1909ರಿಂದ ಇಲ್ಲಿನ ಸಮುದ್ರದಲ್ಲಿ ಮೀನಿನ ಸಮೀಕ್ಷೆ ಮಾಡುತ್ತಿತ್ತು. 1914ರ ಡಿಸೆಂಬರ್‌ನಲ್ಲಿ ಮ್ಯಾಕ್ವಾರಿ ದ್ವೀಪದಿಂದ ಹೊರಟದ್ದು ಮತ್ತೆ ಯಾರಿಗೂ ಕಾಣಲಿಲ್ಲ. ಹಡಗಿನಲ್ಲಿದ್ದ ಎಲ್ಲರೂ ಹೋದರು. ಅವರಲ್ಲಿ ಚಾರ್ಲ್ಸ್ ಹ್ಯಾರಿಸನ್ ಅನ್ನೋ ಜೀವಶಾಸ್ತ್ರಜ್ಞ ಒಬ್ಬ. ಅದಕ್ಕೆ ಮುಂಚೆ ಮಾಸನ್ ಅವರ ಅಂಟಾರ್ಕ್ಟಿಕ ಯಾತ್ರೆಗೂ ಹೋಗಿ ಬಂದವನು. ಹಡಗು ಮುಳುಗುವ ಮುಂಚೆ ತಂದು ಕೊಟ್ಟಿದ್ದ ಮೀನುಗಳು ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂ ಸೇರಿದ್ದವು. ಅಲ್ಲಿನ ಅಲನ್ ಮೆಕಲಕ್ 1915ರಲ್ಲಿ ಈ ಶಾರ್ಕ್‌ಗೆ ಸೆಂಟ್ರೋಫೋರಸ್ ಹ್ಯಾರಿಸೋನೈ ಅಂತ ಹೆಸರಿಟ್ಟರು. ಹಡಗೂ ಇಲ್ಲ, ಜನರೂ ಇಲ್ಲ, ಜಾಡಿ ಉಳಿದಿದೆ.

ಇನ್ನೊಂದು, ಸದರ್ನ್ ಡಾಗ್‌ಫಿಶ್. ಇದರ ಹೆಸರಿನ ಅಲೆದಾಟ ನಮ್ಮ ತಾಲ್ಲೂಕು ಕಚೇರಿ ಫೈಲುಗಳನ್ನೂ ಮೀರಿಸುತ್ತೆ. 2008ಕ್ಕೆ ಮುಂಚೆ ಆಸ್ಟ್ರೇಲಿಯದ ಪುಸ್ತಕಗಳಲ್ಲಿ ಇದರ ಹೆಸರು ಸೆಂಟ್ರೋಫೋರಸ್ ಉಯಾಟೋ. ಅದು 1810ರಲ್ಲಿ ಸಿಸಿಲಿಯಲ್ಲಿ ಕೂತು ರಾಫಿನೆಸ್ಕ್ ಅನ್ನೋ ಮಹಾಶಯ ಒಂದು ಮೆಡಿಟರೇನಿಯನ್ ಮೀನಿಗೆ ಇಟ್ಟ ಹೆಸರು. ಇಲ್ಲಿಯದು ಬೇರೆ ಜಾತಿ ಅಂತ ಅನ್ನಿಸಿ 2008ರಲ್ಲಿ ವಿಲಿಯಂ ವೈಟ್, ಡೇವಿಡ್ ಎಬರ್ಟ್, ಲಿಯೊನಾರ್ಡ್ ಕಂಪಾನ್ಯೋ ಸೇರಿ ‘ಜೀಹಾನಿ’ ಅಂತ ಹೊಸ ಹೆಸರು ಕೊಟ್ಟರು. ಆಸ್ಟ್ರೇಲಿಯದ ಸ್ವಂತ ಶಾರ್ಕ್ ಆಯಿತು. 2013ರಲ್ಲಿ ಹ್ಯಾರಿಸನ್ಸ್ ಜೊತೆಗೆ ಇದೂ ಇಲ್ಲಿನ ಪರಿಸರ ಕಾಯಿದೆಯಡಿ ರಕ್ಷಣೆ ಬೇಕಾದವುಗಳ ಪಟ್ಟಿಗೆ ಸೇರಿತು. ಆಮೇಲೆ 2022ರಲ್ಲಿ ಅದೇ ವೈಟ್, ಅದೇ ಎಬರ್ಟ್, ಜೊತೆಗೆ ಗೇವಿನ್ ನೇಲರ್ ಮತ್ತು ಇನ್ನೂ ಕೆಲವರು, ಪ್ರಪಂಚದ ಬೇರೆ ಬೇರೆ ಕಡೆಯ ಮೀನುಗಳ ಅಳತೆ, ಡಿಎನ್‌ಎ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ‘ಇಲ್ಲ, ಇದು ಉಯಾಟೋನೇ’ ಅಂದರು. ಹದಿನಾಲ್ಕು ವರ್ಷದಲ್ಲಿ ಒಂದು ಸುತ್ತು ಪೂರ್ತಿ!

ನನಗೆ ಇಲ್ಲಿ ಮೆಚ್ಚಿಗೆಯಾಗೋದು ತಾವೇ ಇಟ್ಟ ಹೆಸರನ್ನು ತಾವೇ ಅಳಿಸಿದ ಆ ಧೈರ್ಯ. ಆದರೆ ಇಷ್ಟು ಅಲೆದಾಟ ಯಾಕಾಯಿತು ಗೊತ್ತಾ? ರಾಫಿನೆಸ್ಕ್ ಹೆಸರಿಟ್ಟ ಆ ಮೂಲ ಮೀನು ಎಲ್ಲೂ ಉಳಿದಿಲ್ಲ. ಈಗೆಲ್ಲ ಹೊಸ ಜಾತಿಗೆ ಹೆಸರಿಡುವಾಗ ಒಂದು ಮೀನನ್ನು ಆಯ್ದು, ‘ಈ ಹೆಸರಿನ ಒಡೆಯ ಇವನೇ’ ಅಂತ ಮ್ಯೂಸಿಯಂನಲ್ಲಿ ಇಡುತ್ತಾರೆ. ಹೋಲೋಟೈಪ್ ಅಂತಾರೆ ಅದಕ್ಕೆ. ಅದು ಮೂಲಪತ್ರ ಇದ್ದಂಗೆ. ಮೂಲಪತ್ರ ಕಳೆದುಹೋದರೆ ಉಳಿದವರೆಲ್ಲ ನಕಲು ಹಿಡಿದುಕೊಂಡು ಇನ್ನೂರು ವರ್ಷ ವ್ಯಾಜ್ಯ ಮಾಡಬೇಕಾಗುತ್ತೆ. ಇದೇ ಕುಲದ ಇನ್ನೊಂದು ಕಥೆ: ಸೆಂಟ್ರೋಫೋರಸ್ ಗ್ರಾನ್ಯುಲೋಸಸ್, ಅಕಸ್, ನಿಯಾಕಾಂಗ್ ಅಂತ ಮೂರು ಜಾತಿ ಇದ್ದವು. 2013ರಲ್ಲಿ ನೋಡಿದರೆ ಮೂರೂ ಒಂದೇ. ಈ ಮೀನು ಬೆಳೀತಾ ಬೆಳೀತಾ ಚರ್ಮದ ಹಲ್ಲುಗಳು, ರೆಕ್ಕೆಯ ಆಕಾರ ಎಲ್ಲ ಬದಲಾಯಿಸಿಕೊಳ್ಳುತ್ತೆ. ಹುಡುಗನಿಗೊಂದು, ಯಜಮಾನನಿಗೊಂದು ಹೆಸರಿಟ್ಟು ಕೂತಿದ್ದರು.

ಹಾಗಾದರೆ ಎಲ್ಲ ಹಳೇ ಜಾಡಿಗಳಿಂದಲೂ ಡಿಎನ್‌ಎ ತೆಗೆದು ಒಂದೇ ಸಲಕ್ಕೆ ಇತ್ಯರ್ಥ ಮಾಡಿಬಿಡಬಹುದಲ್ಲ? ಅಲ್ಲೇ ಇರೋದು ಪೇಚು. ಫಾರ್ಮಾಲಿನ್.

1893ರಲ್ಲಿ ಫರ್ಡಿನಾಂಡ್ ಬ್ಲೂಮ್ ಅನ್ನೋ ಜರ್ಮನ್ ವೈದ್ಯರು ಫಾರ್ಮಾಲಿನ್ನಿನಲ್ಲಿ ಅದ್ದಿದರೆ ಅಂಗಾಂಶ ಗಟ್ಟಿಯಾಗಿ ಕೊಳೆಯದೆ ಉಳಿಯುತ್ತೆ ಅಂತ ತೋರಿಸಿದರು. ಅಲ್ಲಿಂದ ಪ್ರಪಂಚದ ಎಲ್ಲ ಮ್ಯೂಸಿಯಂಗಳೂ ಮೀನು ಬಂದ ಕೂಡಲೇ ಮೊದಲು ಫಾರ್ಮಾಲಿನ್, ಆಮೇಲೆ ಶೇಕಡ 70ರ ಆಲ್ಕೋಹಾಲ್ ಅಂತ ಪದ್ಧತಿ ಮಾಡಿಕೊಂಡವು. ಮೀನಿನ ಆಕಾರ ಉಳಿಸೋದಕ್ಕೆ ಅದರಷ್ಟು ಒಳ್ಳೇದು ಇನ್ನೊಂದಿಲ್ಲ. ಆದರೆ ಫಾರ್ಮಾಲಿನ್ ಮಾಡೋದೇ ಪ್ರೋಟೀನುಗಳನ್ನೂ ಡಿಎನ್‌ಎಯನ್ನೂ ಒಂದಕ್ಕೊಂದು ಹೊಲಿದುಹಾಕುವ ಕೆಲಸ. ಬಿಡಿಸೋಕೆ ಹೋದರೆ ದಾರ ತುಂಡು ತುಂಡಾಗುತ್ತೆ. ಹಳೇ ಗೋಣಿಚೀಲದ ಹೊಲಿಗೆ ಬಿಚ್ಚಿದ ಹಾಗೆ. ಹೊಸ ಮೀನಿನಿಂದ ಸಾವಿರಾರು ಅಕ್ಷರ ಉದ್ದದ ಎಳೆ ಸಿಕ್ಕರೆ ಇದರಲ್ಲಿ ಐವತ್ತು, ನೂರು ಅಕ್ಷರದ ಚೂರುಗಳು. ಅದರಲ್ಲೂ ಮುಟ್ಟಿದವರ ಡಿಎನ್‌ಎ, ಬ್ಯಾಕ್ಟೀರಿಯಾದ್ದು, ಅದೇ ಜಾಡಿಯಲ್ಲಿ ಜೊತೆಗೆ ನೆನೆಯುತ್ತಿರುವ ಪಕ್ಕದ ಮೀನಿನದ್ದು ಎಲ್ಲ ಕಲಸುಮೇಲೋಗರ.

ಬಹಳ ವರ್ಷ ‘ಫಾರ್ಮಾಲಿನ್ ಮುಟ್ಟಿದ ಮೇಲೆ ಮುಗೀತು’ ಅಂತಲೇ ನಂಬಿದ್ದರು. ಈಗ ಹಾಗಿಲ್ಲ. ಸಾವಿರಾರು ವರ್ಷ ಹಳೆಯ ಮೂಳೆಗಳಿಂದ ಡಿಎನ್‌ಎ ತೆಗೆಯೋದಕ್ಕೆ ಕಂಡುಹಿಡಿದ ವಿಧಾನಗಳನ್ನೇ ಈ ಜಾಡಿಗಳಿಗೂ ಹಚ್ಚಿದರು. ನಿಕೋಲಸ್ ಸ್ಟ್ರಾಬ ಮತ್ತು ಜೊತೆಗಾರರು 2021ರಲ್ಲಿ ಜಾಡಿಯ ಮಾದರಿಗಳ ಮೇಲೆ ಇದು ಕೆಲಸ ಮಾಡುತ್ತೆ ಅಂತ ತೋರಿಸಿದರು. 2022ರಲ್ಲಿ ಅವರೇ ಇದ್ದ ತಂಡವೊಂದು ಎರಡು ಅಪರೂಪದ ಲ್ಯಾಂಟರ್ನ್ ಶಾರ್ಕ್‌ಗಳ (ಹೊಟ್ಟೆ ಮಿಣುಕುವ ಪುಟ್ಟ ಆಳಸಮುದ್ರದ ಶಾರ್ಕ್‌ಗಳು) ಮ್ಯೂಸಿಯಂ ಮಾದರಿಗಳಿಂದ ಮೈಟೋಕಾಂಡ್ರಿಯಾ ಡಿಎನ್‌ಎ ತೆಗೆದು ಅವಕ್ಕೆ ವಂಶವೃಕ್ಷದಲ್ಲಿ ಜಾಗ ತೋರಿಸಿತು. ಅದೇ 2022ರಲ್ಲಿ ನಮ್ಮ ಆಸ್ಟ್ರೇಲಿಯದಲ್ಲೇ, ಕ್ಯಾನ್‌ಬೆರಾದ ಸಿಎಸ್‌ಐಆರ್‌ಒದ ಎರಿನ್ ಹಾನ್, ಕ್ಲೇರ್ ಹಾಲಿಲೀ ಮತ್ತು ಇತರರು ಬಿಸಿ ಕ್ಷಾರದ ದ್ರಾವಣದಲ್ಲಿ ಕುದಿಸಿ ಫಾರ್ಮಾಲಿನ್ ಹೊಲಿಗೆ ಬಿಚ್ಚುವ ದಾರಿಯನ್ನು ಬೇರೆ ಬೇರೆ ಪ್ರಾಣಿಗಳ ಮೇಲೆ ಪ್ರಯತ್ನಿಸಿ ಪ್ರಕಟಿಸಿದರು. ಮಾದರಿಯನ್ನು ಮೊದಲ ದಿನ ಹೇಗೆ ಇಟ್ಟಿದ್ದರು ಅನ್ನೋದರ ಮೇಲೆ ಎಲ್ಲ ನಿಂತಿದೆ. ಫಾರ್ಮಾಲಿನ್ ಹಾಕೋಕೆ ಮುಂಚೆ ಮೀನು ಬಿಸಿಲಲ್ಲಿ ಎಷ್ಟು ಹೊತ್ತು ಬಿದ್ದಿತ್ತು ಅನ್ನೋದು ನೂರು ವರ್ಷ ಆದಮೇಲೆ ಲ್ಯಾಬಿನಲ್ಲಿ ಗೊತ್ತಾಗುತ್ತೆ!

ಇದರಲ್ಲಿ ಒಂದು ತಮಾಷೆ ಇದೆ. 1970ರ ಮೀನಿಗಿಂತ 1870ರ ಮೀನೇ ಡಿಎನ್‌ಎಗೆ ವಾಸಿ ಆಗಿರಬಹುದು. ಯಾಕಂದರೆ ಆಗ ಫಾರ್ಮಾಲಿನ್ ಇರಲೇ ಇಲ್ಲ, ನೇರ ಸ್ಪಿರಿಟ್ಟಿಗೆ ಹಾಕುತ್ತಿದ್ದರು. ಈ ಮಾತು ನಮಗೆ, ಅಂದರೆ ಕನ್ನಡದವರಿಗೆ, ಸ್ವಲ್ಪ ಹತ್ತಿರದ್ದು. ಮದ್ರಾಸ್ ಸೈನ್ಯದಲ್ಲಿ ವೈದ್ಯನಾಗಿದ್ದು ಆಮೇಲೆ ಭಾರತದ ಮೀನುಗಾರಿಕೆಯ ಇನ್‌ಸ್ಪೆಕ್ಟರ್ ಜನರಲ್ ಆದ ಫ್ರಾನ್ಸಿಸ್ ಡೇ ನಮ್ಮ ದಕ್ಷಿಣ ಕನ್ನಡದ ಹೊಳೆಗಳಲ್ಲೆಲ್ಲ ಮೀನು ಹಿಡಿಸಿ ಹೆಸರಿಟ್ಟವನು; 1870ರಲ್ಲಿ ಅವನು ಬಾರ್ಬಸ್ ಪುಲ್ಕೆಲಸ್ ಅಂತ ಹೆಸರಿಟ್ಟ ಮೀನಿನ ಮೂಲ ಸ್ಥಳ ಸೌತ್ ಕೆನರಾ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಆಲ್ಬರ್ಟ್ ಗುಂಥರ್‌ಗೂ ಅವನಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಕೊನೆಗೆ 1880ರ ದಶಕದಲ್ಲಿ ಡೇ ತನ್ನ ಭಾರತದ ಮೀನುಗಳ ಒಂದು ದೊಡ್ಡ ಪಾಲನ್ನು ಮಾರಿದ್ದು ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂಗೆ. ಅವು ಇವತ್ತೂ ಇಲ್ಲೇ ಇವೆ. ಹೈಡ್ ಪಾರ್ಕಿನ ಎದುರಿಗೆ ಬಸ್ಸಿಗೆ ಕಾಯುವವರಿಗೆ ಆ ಕಟ್ಟಡದೊಳಗೆ ನಮ್ಮ ದೇಶದ ಹೊಳೆ ಮೀನುಗಳೂ ಇವೆ ಅಂತ ಎಲ್ಲಿ ಗೊತ್ತು!

ಮತ್ತೆ ಶಾರ್ಕ್‌ಗೆ ಬರೋಣ. ಡಿಎನ್‌ಎ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಅಲ್ಲಿಗೆ ತೀರ್ಪು ಬಂತಾ? ಇಲ್ಲ. 1992ರಲ್ಲೇ ಮಾರ್ಟಿನ್, ನೇಲರ್, ಪಲುಂಬಿ ಅನ್ನೋ ಮೂವರು ಶಾರ್ಕ್‌ಗಳ ಮೈಟೋಕಾಂಡ್ರಿಯಾ ಡಿಎನ್‌ಎ ಸಸ್ತನಿಗಳದ್ದಕ್ಕಿಂತ ಎಷ್ಟೋ ನಿಧಾನವಾಗಿ ಬದಲಾಗುತ್ತೆ ಅಂತ ತೋರಿಸಿದ್ದರು. ಅಂದರೆ ಎರಡು ಜಾತಿ ಬೇರೆಯಾಗಿ ಬಹಳ ಕಾಲವಾಗಿದ್ದರೂ ಅವುಗಳ ‘ಬಾರ್‌ಕೋಡ್’ನಲ್ಲಿ ನಾಲ್ಕಾರು ಅಕ್ಷರದ ವ್ಯತ್ಯಾಸ ಮಾತ್ರ ಇರಬಹುದು. ಜೊತೆಗೆ ಮೈಟೋಕಾಂಡ್ರಿಯಾ ಬರೋದು ತಾಯಿಯಿಂದ ಮಾತ್ರ. ಅಪ್ಪನ ಕಡೆಯ ಕಥೆ ಅದಕ್ಕೆ ಗೊತ್ತೇ ಇಲ್ಲ. 2005ರಲ್ಲಿ ಹೋಬಾರ್ಟಿನ ಬಾಬ್ ವಾರ್ಡ್ ಮತ್ತು ಸಂಗಡಿಗರು ಆಸ್ಟ್ರೇಲಿಯದ 207 ಜಾತಿ ಮೀನುಗಳ ಬಾರ್‌ಕೋಡ್ ಮಾಡಿದಾಗ ಇನ್ನು ಮೇಲೆ ಎಲ್ಲ ಸಲೀಸು ಅನ್ನೋ ಉತ್ಸಾಹ ಇತ್ತು. ಬಹುಪಾಲು ಮೀನಿಗೆ ಅದು ನಿಜವೂ ಹೌದು. ಆದರೆ ಗಲ್ಪರ್ ಶಾರ್ಕ್‌ನಂಥ ಕಡೆ ಹಲ್ಲು, ಚರ್ಮ, ರೆಕ್ಕೆಯ ಅಳತೆ ಎಲ್ಲ ಗೊತ್ತಿರೋ ಕಣ್ಣು ಪಕ್ಕದಲ್ಲೇ ಇರಬೇಕು.

ಮೆಲ್ಬರ್ನಿನದೇ ಒಂದು ಉದಾಹರಣೆ. 2017ರಲ್ಲಿ ಮ್ಯೂಸಿಯಮ್ಸ್ ವಿಕ್ಟೋರಿಯಾದ ಟಿಮ್ ಒಹಾರ ಮುಂದಾಳತ್ವದಲ್ಲಿ ‘ಇನ್ವೆಸ್ಟಿಗೇಟರ್’ ಹಡಗು ಪೂರ್ವ ಕರಾವಳಿಯ ಆಳಕ್ಕೆ ಬಲೆ ಬಿಟ್ಟಿತು. ಕಣ್ಣು ಮೂಗು ಏನೂ ಕಾಣದ ‘ಮುಖವಿಲ್ಲದ ಮೀನು’ ಬಂತು, ಪೇಪರಿನಲ್ಲೆಲ್ಲ ಅದರದೇ ಸುದ್ದಿ. ಹಡಗಿನಲ್ಲಿದ್ದವರು ಹೊಸ ಜಾತಿ ಅಂದುಕೊಂಡಿದ್ದರು. ಆಮೇಲೆ ಹಳೇ ದಾಖಲೆ ತೆಗೆದು ನೋಡಿದರೆ 1870ರ ದಶಕದಲ್ಲೇ ‘ಚಾಲೆಂಜರ್’ ಹಡಗು ಅದನ್ನು ಕೋರಲ್ ಸಮುದ್ರದಲ್ಲಿ ಹಿಡಿದಿತ್ತು, 1878ರಲ್ಲಿ ಹೆಸರೂ ಆಗಿತ್ತು. ಹೆಸರಿಟ್ಟವರು ಯಾರು? ಅದೇ ಗುಂಥರ್. ಮೆಷಿನ್ ಅಲ್ಲ ಅಲ್ಲಿ ಉತ್ತರ ಕೊಟ್ಟಿದ್ದು, ಹಳೇ ಕಾಗದ ಓದೋಕೆ ಬರೋ ಜನ.

ಆ ಜನರೇ ಕಡಿಮೆಯಾಗುತ್ತಿದ್ದಾರೆ ಅನ್ನೋದು ನನ್ನ ಸಂಕಟ. 2024ರಲ್ಲಿ ಅಡಿಲೇಡಿನ ಸೌತ್ ಆಸ್ಟ್ರೇಲಿಯನ್ ಮ್ಯೂಸಿಯಂ ತನ್ನ ಸಂಶೋಧನೆ ಮತ್ತು ಸಂಗ್ರಹ ವಿಭಾಗದ ಹುದ್ದೆಗಳನ್ನು ಕತ್ತರಿಸುವ ಯೋಜನೆ ಮುಂದಿಟ್ಟಿತು. ಜನ ಬೀದಿಗಿಳಿದರು, ಕೊನೆಗೆ ರಾಜ್ಯದ ಪ್ರೀಮಿಯರ್ ಮಧ್ಯೆ ಬಂದು ಅದಕ್ಕೆ ತಡೆ ಹಾಕಬೇಕಾಯಿತು. ಮ್ಯೂಸಿಯಂ ಅಂದರೆ ಮಕ್ಕಳಿಗೆ ಡೈನೋಸಾರ್ ತೋರಿಸೋ ಜಾಗ ಅಂತ ತಿಳಿದವರಿಗೆ ಹಿಂದಿನ ಕೋಣೆಯಲ್ಲಿ ಜಾಡಿಗೆ ಆಲ್ಕೋಹಾಲ್ ತುಂಬುವವನ ಸಂಬಳ ದಂಡ ಅನ್ನಿಸುತ್ತೆ. ಆಲ್ಕೋಹಾಲ್ ಆವಿಯಾಗುತ್ತೆ ಸ್ವಾಮಿ! ಯಾರಾದರೂ ನೋಡಿಕೊಳ್ಳದಿದ್ದರೆ ಹತ್ತಿಪ್ಪತ್ತು ವರ್ಷದಲ್ಲಿ ಮೀನು ಒಣಗಿ ಚಕ್ಕೆ. ನಾನು ಊರಲ್ಲಿ ಓದಿದ ಕಾಲೇಜಿನ ಝೂವಾಲಜಿ ಲ್ಯಾಬಿನಲ್ಲಿ ಅಂಥ ಜಾಡಿಗಳ ಸಾಲೇ ಇತ್ತು. ಲೇಬಲ್ಲಿನ ಶಾಯಿ ಅಳಿಸಿಹೋಗಿ, ಒಳಗಿರೋದು ಎಲ್ಲಿಂದ ಬಂತು, ಯಾವ ವರ್ಷ ಅಂತ ಅಟೆಂಡರಿಗೂ ಗೊತ್ತಿಲ್ಲ, ಮೇಷ್ಟ್ರಿಗೂ ಗೊತ್ತಿಲ್ಲ. ಅದರಿಂದ ಈಗ ಎಷ್ಟು ಒಳ್ಳೆ ಡಿಎನ್‌ಎ ತೆಗೆದರೂ ಯಾವ ಹೊಳೆಯದ್ದು ಅಂತ ಅದು ಹೇಳಲ್ಲ.

ಇನ್ನೊಂದು ನಿಜವಾದ ತಕರಾರು ಇದೆ. ಡಿಎನ್‌ಎಗೆ ಅಂತ ಮೂಲ ಮಾದರಿಯಿಂದಲೇ ಒಂದು ಚೂರು ಮಾಂಸ ಕತ್ತರಿಸಬೇಕು. ಪ್ರಪಂಚಕ್ಕೆಲ್ಲ ಒಂದೇ ಇರೋ ಹೋಲೋಟೈಪ್, ಅದೂ ಒಂದಡಿಯ ಪುಟ್ಟ ಲ್ಯಾಂಟರ್ನ್ ಶಾರ್ಕ್. ಇವತ್ತು ಒಬ್ಬ ಬಂದು ಒಂದು ಚೂರು, ಐದು ವರ್ಷ ಬಿಟ್ಟು ಇನ್ನೂ ಹೊಸ ಮೆಷಿನ್ ಹಿಡಿದು ಇನ್ನೊಬ್ಬ ಇನ್ನೊಂದು ಚೂರು. ಸುಮ್ಮನೆ ಬೇಡ ಅಂದುಬಿಡೋ ಕ್ಯುರೇಟರುಗಳ ಮೇಲೆ ಸಂಶೋಧಕರಿಗೆ ಸಿಟ್ಟು. ನಾನು ಇಲ್ಲಿ ಕತ್ತರಿಸಬೇಕು ಅನ್ನೋರ ಕಡೆ, ಆದರೆ ಕರಾರಿನ ಮೇಲೆ. ಮೊದಲು ಅದೇ ಜಾಗದ, ಮೂಲ ಅಲ್ಲದ ಬೇರೆ ಮೀನಿನ ಮೇಲೆ ವಿಧಾನ ಪರೀಕ್ಷಿಸಿ ಬರಲಿ. ಏನು ಪ್ರಶ್ನೆಗೆ ಉತ್ತರ ಬೇಕು ಅಂತ ಬರೆದು ಕೊಡಲಿ. ತೆಗೆದದ್ದರಲ್ಲಿ ಮಿಕ್ಕ ಡಿಎನ್‌ಎ ವಾಪಸ್ಸು ಮ್ಯೂಸಿಯಂನ ಫ್ರೀಜರಿಗೆ ಬರಲಿ, ಕೆಲಸ ಕೆಟ್ಟರೂ ಕೆಟ್ಟಿತು ಅಂತಲೇ ಪ್ರಕಟವಾಗಲಿ. ಕೈ ಹಾಕಲೇಬಾರದು ಅಂತ ಬೀಗ ಹಾಕಿಟ್ಟ ಮೂಲಪತ್ರದಿಂದ ಯಾರ ವ್ಯಾಜ್ಯ ತೀರುತ್ತೆ?

2022ರ ಆ ಹೆಸರು ಬದಲಾವಣೆಯಿಂದ ಇನ್ನೊಂದು ಅಪಾಯವೂ ಇದೆ. ಸದರ್ನ್ ಡಾಗ್‌ಫಿಶ್ ಆಸ್ಟ್ರೇಲಿಯದಲ್ಲಿ ಮಾತ್ರ ಇರೋದು ಅಂದಾಗ ಅದರ ಮೇಲೆ ಒಂದು ಮಮತೆ ಇತ್ತು. ಈಗ ಅದು ಮೆಡಿಟರೇನಿಯನ್‌ನಲ್ಲೂ ಇದೆ ಅಂದಕೂಡಲೇ ‘ಮತ್ಯಾಕೆ ನಾವೇ ಕಾಪಾಡಬೇಕು’ ಅನ್ನೋ ಮಾತು ಬರೋದಕ್ಕೆ ಎಷ್ಟು ಹೊತ್ತು? ಸಿಸಿಲಿಯ ಹತ್ತಿರ ಇರೋ ಶಾರ್ಕ್ ಈಡನ್ನಿನ ಎದುರಿಗೆ ಬಂದು ಮರಿ ಹಾಕಲ್ಲ. ಇಲ್ಲಿಯದು ಇಲ್ಲಿಯೇ ತುಂಬಬೇಕು. ಹೆಸರು ತಿದ್ದಿದ್ದು ವಿಜ್ಞಾನಿಗಳ ಕೆಲಸ, ಸರಿ; ಅದನ್ನು ನೆಪ ಮಾಡಿಕೊಂಡು ಮೀನುಗಾರಿಕೆ ಮುಚ್ಚಿದ ಜಾಗಗಳನ್ನು ತೆರೆಯೋಕೆ ಹೊರಟರೆ ಅದು ಬರೀ ವ್ಯಾಪಾರ.

2025ರ ಕೊನೆಗೆ ಉಜ್ಬೇಕಿಸ್ತಾನದ ಸಮರ್ಕಂದ್‌ನಲ್ಲಿ ನಡೆದ ಸೈಟಿಸ್ ಸಭೆಯಲ್ಲಿ ಗಲ್ಪರ್ ಶಾರ್ಕ್‌ಗಳನ್ನು ಎರಡನೇ ಅನುಬಂಧಕ್ಕೆ ಸೇರಿಸಿದರು. ಇನ್ನು ಅವುಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಬೇಕು. ಒಳ್ಳೆಯದೇ ಆಯಿತು. ಆದರೆ ಬಂದರಿನ ಅಧಿಕಾರಿಯ ಕೈಗೆ ಬರೋದು ಬಾಲ ಕತ್ತರಿಸಿದ, ಹೆಪ್ಪುಗಟ್ಟಿದ ಮಾಂಸದ ತುಂಡು, ಇಲ್ಲಾ ಎಣ್ಣೆಯ ಡ್ರಮ್ಮು. ಶುದ್ಧ ಮಾಡಿದ ಎಣ್ಣೆಯಲ್ಲಿ ಡಿಎನ್‌ಎ ಸಿಗೋದು ಕಷ್ಟ. ಮಾಂಸದಲ್ಲಿ ಸಿಗುತ್ತೆ, ಆದರೆ ಸಿಕ್ಕಿದ್ದನ್ನು ಹೋಲಿಸೋಕೆ ಒಂದು ಪಟ್ಟಿ ಬೇಕು. ಆ ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ಸರಿಯಾಗಿ ಹೆಸರಿಟ್ಟ ಒಂದು ಮೀನು, ಲೇಬಲ್ ಸಮೇತ, ಸಿಡ್ನಿಯಲ್ಲೋ ಮೆಲ್ಬರ್ನಿನಲ್ಲೋ ಹೋಬಾರ್ಟಿನಲ್ಲೋ ಜಾಡಿಯೊಳಗೆ ಮುಳುಗಿಕೊಂಡೇ ಇರಬೇಕು. ಅದರ ಆಲ್ಕೋಹಾಲ್ ಖರ್ಚು ಬಜೆಟ್ಟಿನಲ್ಲಿ ಯಾವ ತಲೆಬರಹದ ಅಡಿ ಬರುತ್ತೆ ಅಂತ ಯಾರಾದರೂ ಒಬ್ಬ ಮಂತ್ರಿ ಗಟ್ಟಿಯಾಗಿ ಹೇಳೋದನ್ನು ನಾನಿನ್ನೂ ಕೇಳಿಲ್ಲ. ನೀವು ಕೇಳಿದ್ದರೆ ತಿಳಿಸಿ.